ಮತಾಂತರ, ಮಾನಸಾಂತರ

‘ಮತಾಂತರ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಜನ ಎರಡು ಪಂಗಡವಾಗಿ ನಿಲ್ಲುತ್ತಾರೆ. ಒಬ್ಬರಿಗೆ ಅದು ಕಳವಿನ ಮಾತು. ಇನ್ನೊಬ್ಬರಿಗೆ ಬಿಡುಗಡೆಯ ಮಾತು. ಆ ಜಗಳಕ್ಕೆ ನಾನು ಈ ಹೊತ್ತು ಹೋಗುವವನಲ್ಲ. ಈ ಶಬ್ದಕ್ಕೆ ಒಡಹುಟ್ಟಿದ ತಂಗಿಯೊಬ್ಬಳಿದ್ದಾಳೆ. ಅವಳ ಹೆಸರು ‘ಮಾನಸಾಂತರ’. ಅಕ್ಕನ ಗದ್ದಲದಲ್ಲಿ ತಂಗಿಯನ್ನು ಯಾರೂ ಗಮನಿಸಿಲ್ಲ. ‘ಮತ’ ಮತ್ತು ‘ಮನಸ್ಸು’ ಎರಡೂ ‘ಮನ್’ ಎಂಬ ಒಂದೇ ಧಾತುವಿನಿಂದ ಬಂದವು. ‘ಮತ’ವೆಂದರೆ ಮೂಲದಲ್ಲಿ ‘ನೆನೆದದ್ದು, ಎಣಿಸಿದ್ದು’ ಎಂದಷ್ಟೇ ಅರ್ಥ. ಹಾಗಿದ್ದಮೇಲೆ ಮತ ಬದಲಾದಾಗ ಮನಸ್ಸು ಬದಲಾಗಿರಲೇಬೇಕಲ್ಲವೆ? ಬದಲಾಗುತ್ತದೆಯೆ? ಎಷ್ಟು ಬದಲಾಗುತ್ತದೆ, ಎಷ್ಟು ದಿನ ಹಿಡಿಯುತ್ತದೆ, ಏನನ್ನು ಬಿಟ್ಟು ಏನನ್ನು ಉಳಿಸಿಕೊಳ್ಳುತ್ತದೆ? ಇದೇ ಇಂದಿನ ನನ್ನ ವಿಷಯ.

ನಾನು ಕ್ರೈಸ್ತನಲ್ಲ. ವಿಜಾಪುರ ಜಿಲ್ಲೆಯ ಸಿಂದಗಿಯ ಕಡೆಯ ಒಂದು ಹಳ್ಳಿಯಲ್ಲಿ, ಲಿಂಗಪೂಜೆಯಿಲ್ಲದೆ ಬಾಯಿಗೆ ನೀರು ಹಾಕದ ಮನೆಯಲ್ಲಿ ಹುಟ್ಟಿದವನು. 2014ರಿಂದ ಆ ಜಿಲ್ಲೆಯ ಹೆಸರು ವಿಜಯಪುರವಾಗಿದೆ. ನನ್ನ ನಾಲಿಗೆ ಮಾತ್ರ ಇನ್ನೂ ಹಳೆಯ ಹೆಸರನ್ನೇ ನುಡಿಯುತ್ತದೆ. ಹೆಸರು ಬದಲಾಗುವುದು ಸುಲಭ, ನಾಲಿಗೆ ಬದಲಾಗುವುದು ಕಷ್ಟ ಎಂಬುದಕ್ಕೆ ಇದೂ ಒಂದು ನಿದರ್ಶನವೆಂದು ಇಟ್ಟುಕೊಳ್ಳಿರಿ.

ಮೊದಲು ಶಬ್ದದ ಚರಿತ್ರೆಯನ್ನು ನೋಡೋಣ. ಹೊಸ ಒಡಂಬಡಿಕೆ ಗ್ರೀಕ್ ಭಾಷೆಯ ಗ್ರಂಥ. ಯೇಸುಕ್ರಿಸ್ತನ ಬೋಧನೆಯ ಬಾಗಿಲಲ್ಲಿಯೇ ‘ಮೆತನೋಯಾ’ ಎಂಬ ಒಂದು ಮಾತು ಬರುತ್ತದೆ. ‘ನೂಸ್’ ಎಂದರೆ ಬುದ್ಧಿ, ಮನಸ್ಸು. ‘ಮೆತಾ’ ಎಂದರೆ ಆಚೆಗೆ, ಬೇರೆಯಾಗಿ. ಎರಡೂ ಕೂಡಿ, ಮನಸ್ಸು ತನ್ನ ನೆಲೆಯನ್ನೇ ಬದಲಿಸಿಕೊಳ್ಳುವುದು ಎಂಬ ಅರ್ಥ. ಯೇಸುವಿನ ಜನರಾದ ಯೆಹೂದ್ಯರ ಹಳೆಯ ಹೀಬ್ರೂ ನುಡಿಯಲ್ಲಿ ಇದಕ್ಕೆ ಸಮನಾದದ್ದು ‘ಶೂಬ್’. ಅದರ ಅರ್ಥ ಇನ್ನೂ ಸರಳ, ತಿರುಗು, ಮರಳು ಎಂದಷ್ಟೇ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ವರ್ಷಾನುಗಟ್ಟಲೆ ದುಡಿದು ಬೈಬಲ್ಲನ್ನು ಕನ್ನಡಕ್ಕೆ ತಂದನು. ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಹೊರಬಂದಿತು. ಮುಂದೆ ಮಂಗಳೂರಿನ ಬಾಸೆಲ್ ಮಿಷನ್ನಿನ ವೈಗಲ್, ಮೋಗ್ಲಿಂಗ್ ಮೊದಲಾದವರು ಅದನ್ನು ತಿದ್ದಿದರು. ಅವರ ನಂತರದವರೂ ತಿದ್ದಿದರು. ಈ ಬೇರೆಬೇರೆ ಕಾಲದ ಅನುವಾದಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಆ ಒಂದು ಗ್ರೀಕ್ ಮಾತಿಗೆ ನಮ್ಮವರು ಪಟ್ಟ ಪಾಡು ತಿಳಿಯುತ್ತದೆ. ಒಂದೆಡೆ ‘ಪಶ್ಚಾತ್ತಾಪ’, ಒಂದೆಡೆ ‘ಮಾನಸಾಂತರ’, ಮತ್ತೊಂದೆಡೆ ‘ತಿರುಗಿಕೊಳ್ಳುವುದು’.

ಈ ಮೂರು ಒಂದೇ ಅಲ್ಲ. ಪಶ್ಚಾತ್ತಾಪದಲ್ಲಿ ಮನುಷ್ಯ ಹಿಂದಕ್ಕೆ ನೋಡಿ ಬೇಯುತ್ತಾನೆ. ಅಲ್ಲಿ ತಾಪವಿದೆ, ಆದರೆ ಕಾಲು ಕೀಳುವ ಸೂಚನೆಯಿಲ್ಲ. ಮಾನಸಾಂತರ ಗ್ರೀಕಿಗೆ ನಿಷ್ಠವಾದ ಶಬ್ದ, ಆದರೆ ಗ್ರಂಥದ ವಾಸನೆಯುಳ್ಳದ್ದು; ಸಂತೆಯಲ್ಲಿ ಯಾರೂ ಆಡಲಾರರು. ‘ತಿರುಗಿಕೊಳ್ಳು’ ಎಂಬುದು ಒಕ್ಕಲಿಗನ ಮಾತು. ಎರೆಹೊಲದಲ್ಲಿ ಎತ್ತು ಹೂಡಿದವನು ಬದುವಿನ ತನಕ ಹೋಗಿ ತಿರುಗಿಕೊಳ್ಳುತ್ತಾನೆ. ತಿರುಗಿದಾಗ ಎತ್ತೂ ಬದಲಾಗಿಲ್ಲ, ನೇಗಿಲೂ ಬದಲಾಗಿಲ್ಲ. ಮೋರೆ ಮಾತ್ರ ಬೇರೆ ದಿಕ್ಕಿಗೆ. ಹೊಸ ನಂಬಿಗೆಗೆ ಹೋದ ಮನುಷ್ಯನೊಳಗೆ ನಡೆಯುವುದು ಈ ಮೂರರಲ್ಲಿ ಯಾವುದು ಎಂದು ಕೇಳಿದರೆ, ಬಹುತೇಕ ಮೂರೂ, ಬೇರೆಬೇರೆ ದಿನಗಳಲ್ಲಿ ಎಂದು ನನ್ನ ಎಣಿಕೆ.

ಹಳೆಯ ಮನಸ್ಸು, ಹೊಸ ನಂಬಿಗೆ ಎಂಬ ಈ ಜೋಡಿಗೆ ಯೇಸುವೇ ಒಂದು ದೃಷ್ಟಾಂತ ಹೇಳಿದ್ದಾನೆ. ಹೊಸ ದ್ರಾಕ್ಷಾರಸವನ್ನು ಹಳೆಯ ತೊಗಲ ಚೀಲದಲ್ಲಿ ಯಾರೂ ತುಂಬಿಡುವುದಿಲ್ಲ ಎಂಬುದು ಅದರ ತಿರುಳು. ಆ ತೊಗಲ ಚೀಲಕ್ಕೆ ಕನ್ನಡ ಬೈಬಲ್ಲಿನಲ್ಲಿ ‘ಬುದ್ದಲಿ’ ಎಂಬ ಅಚ್ಚಗನ್ನಡ ಶಬ್ದವಿದೆ. ಇಂದಿನ ಓದುಗರಿಗೆ ಅದು ತಿಳಿಯದು. ಎಣ್ಣೆ, ತುಪ್ಪ ತುಂಬಿಡುವ ತೊಗಲ ಪಾತ್ರೆಯದು. ತಗಡಿನ ಡಬ್ಬಿ ಬಂದಮೇಲೆ ಮರೆಯಾಯಿತು. ಹೊಸ ದ್ರಾಕ್ಷಾರಸ ಇನ್ನೂ ಹುದುಗುತ್ತಿರುತ್ತದೆ. ಒಳಗೆ ಗಾಳಿ ಏಳುತ್ತದೆ. ಎಳೆಯ ತೊಗಲಾದರೆ ಜಗ್ಗಿ ತಾಳಿಕೊಳ್ಳುತ್ತದೆ. ಹಳೆಯ ತೊಗಲು ಒಮ್ಮೆ ಜಗ್ಗಿ ಬಿರುಸಾಗಿರುವುದರಿಂದ ಒಡೆಯುತ್ತದೆ. ಒಡೆದಾಗ ಚೀಲವೂ ಹೋಯಿತು, ರಸವೂ ಹೋಯಿತು. ಈ ದೃಷ್ಟಾಂತದಲ್ಲಿ ಹಳೆಯ ಚೀಲದ ಬಗೆಗೆ ತಿರಸ್ಕಾರವಿಲ್ಲ, ಅದೂ ಹಾಳಾಗಬಾರದೆಂಬ ಕಾಳಜಿಯಿದೆ ಎಂಬುದನ್ನು ಪ್ರವಚನಕಾರರು ಮರೆಯುತ್ತಾರೆ. ಲೂಕನ ಸುವಾರ್ತೆಯಲ್ಲಿ ಇದರ ಬಾಲಕ್ಕೆ ಇನ್ನೂ ಒಂದು ಮಾತಿದೆ: ಹಳೆಯ ರಸವನ್ನು ಕುಡಿದವನು ಒಮ್ಮೆಲೆ ಹೊಸದನ್ನು ಬಯಸಲಾರ, ಹಳೆಯದೇ ಚೆನ್ನ ಎನ್ನುತ್ತಾನೆ ಎಂಬರ್ಥದ್ದು. ಹೊಸದನ್ನು ತಂದವನಿಗೇ ಹಳೆಯದರ ರುಚಿ ಗೊತ್ತಿತ್ತು.

ಅವನ ಶಿಷ್ಯರ ಕಥೆಯೂ ಇದಕ್ಕೆ ಹೊರತಲ್ಲ. ಮೊದಲ ಕ್ರೈಸ್ತರೆಲ್ಲ ಯೆಹೂದ್ಯರು. ಸುನ್ನತಿ, ಊಟದ ಮಡಿಮೈಲಿಗೆ, ಅನ್ಯಜನರೊಡನೆ ಪಂಕ್ತಿಭೇದ ಇವು ಅವರ ರಕ್ತದಲ್ಲಿದ್ದುವು. ಕ್ರಿಸ್ತಶಕ 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಹಿರಿಯರು ಕೂಡಿ, ಹೊರಗಿನಿಂದ ಬಂದವರು ಸುನ್ನತಿ ಮಾಡಿಸಿಕೊಳ್ಳಬೇಕಾಗಿಲ್ಲವೆಂದು ಗೊತ್ತುಮಾಡಿದರು. ಆದರೆ ಗೊತ್ತುವಳಿ ಬೇರೆ, ಕೈತುತ್ತು ಬೇರೆ. ಅಂತಿಯೋಕ್ಯ ಪಟ್ಟಣದಲ್ಲಿ ಹಿರಿಯ ಶಿಷ್ಯನಾದ ಪೇತ್ರನು ಅನ್ಯಜನರೊಡನೆ ಕುಳಿತು ಉಣ್ಣುತ್ತಿದ್ದನು. ಯೆರೂಸಲೇಮಿನಿಂದ ತನ್ನ ಕಡೆಯವರು ಕೆಲವರು ಬಂದೊಡನೆ ಅಂಜಿ ಎದ್ದು ಬೇರೆ ಕುಳಿತನು. ಪೌಲನು ಎಲ್ಲರೆದುರಿಗೆ ಅವನಿಗೆ ಛೀಮಾರಿ ಹಾಕಿದ್ದನ್ನು ತನ್ನ ಪತ್ರವೊಂದರಲ್ಲಿ ತಾನೇ ಬರೆದಿದ್ದಾನೆ. ಸಭೆಯ ಬಂಡೆಯೆನಿಸಿಕೊಂಡವನಿಗೇ ಹೀಗಾದಮೇಲೆ ನಮ್ಮ ನಿಮ್ಮಂಥವರ ಪಾಡೇನು? ಪಂಕ್ತಿಯ ಈ ಕಥೆಯನ್ನು ಮೊದಲ ಸಲ ಓದಿದಾಗ ನನಗೆ ಇದು ಪರದೇಶದ್ದೆನಿಸಲಿಲ್ಲ. ನಮ್ಮ ಬಾಗೇವಾಡಿಯ ಪೇಟೆಯಲ್ಲಿ ನಡೆದದ್ದೆನಿಸಿತು.

ಬಾಗೇವಾಡಿಯ ಹೆಸರು ಬಂದಿತು. ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗುವ ವಿಚಾರವನ್ನು ನಮ್ಮ ಸೀಮೆಯಲ್ಲಿ ನಿಂತು ಆಡುವವನು ಬಸವಣ್ಣನನ್ನು ದಾಟಿ ಹೋಗಲಾರ. ಹನ್ನೆರಡನೆಯ ಶತಮಾನದ ಬಾಗೇವಾಡಿ ಒಂದು ಅಗ್ರಹಾರ. ಅಲ್ಲಿಯ ಬ್ರಾಹ್ಮಣ ಬಾಲಕ ಜನಿವಾರವನ್ನು ಬಿಟ್ಟು ಕೂಡಲಸಂಗಮಕ್ಕೆ ಹೋದನೆಂಬುದು ಎಲ್ಲರಿಗೂ ಗೊತ್ತು. ಆದರೆ ಹೇಗೆ ಬಿಟ್ಟನೆಂಬಲ್ಲಿ ನಮ್ಮ ಕವಿಗಳು ಒಮ್ಮತದಲ್ಲಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನನುಸರಿಸಿ 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣ ಇವುಗಳ ಪ್ರಕಾರ ಎಂಟು ವರ್ಷದ ಬಸವ ಉಪನಯನವೇ ಬೇಡವೆಂದನು. ಅದಕ್ಕಿಂತ ಹಿಂದಿನವನಾದ ಹರಿಹರನ ರಗಳೆಯಲ್ಲಿ ಹಾಗಿಲ್ಲ. ಅಲ್ಲಿ ಉಪನಯನ ಆಗಿಹೋಗಿದೆ, ತಂದೆತಾಯಿ ತೀರಿಹೋಗಿದ್ದಾರೆ, ಹುಡುಗ ಬೆಳೆದು, ವರ್ಷಾನುಗಟ್ಟಲೆ ಆ ದಾರವನ್ನು ಮೈಮೇಲೆ ಹೊತ್ತು, ಕರ್ಮ ಮತ್ತು ಭಕ್ತಿ ಒಟ್ಟಿಗೆ ಇರಲಾರವೆಂದು ತನ್ನೊಳಗೇ ತರ್ಕಿಸಿ, ಆಮೇಲೆ ಅದನ್ನು ಹರಿದೊಗೆಯುತ್ತಾನೆ.

ನನಗೆ ಹರಿಹರನ ಬಸವನೇ ಹೆಚ್ಚು ನಿಜವಾಗಿ ಕಾಣುತ್ತಾನೆ. ಹಾಕಿಕೊಳ್ಳದಿದ್ದುದನ್ನು ಬೇಡವೆನ್ನುವುದು ಧೀರತನ. ಹಾಕಿಕೊಂಡು, ಅದರ ಬಿಸುಪಿಗೆ ಮೈಯೊಗ್ಗಿದ ಮೇಲೆ ತೆಗೆಯುವುದು ಬೇರೆಯೇ ಒಂದು ನೋವು. ಪುರಾಣದ ಬಸವನಿಗೆ ಹಳೆಯ ಮನಸ್ಸೇ ಇಲ್ಲ, ಅವನು ಹುಟ್ಟುವಾಗಲೇ ಹೊಸಬ. ರಗಳೆಯ ಬಸವನಿಗೆ ಹಳೆಯ ಮನಸ್ಸಿತ್ತು, ಅದನ್ನು ಬಿಟ್ಟನು. ಹೊಸ ನಂಬಿಗೆಗೆ ಹೋಗುವ ಸಾಮಾನ್ಯ ಮನುಷ್ಯರೆಲ್ಲ ಈ ಎರಡನೆಯ ಬಗೆಯವರು.

ಇದೇ ದಾರದ ವಿಷಯದಲ್ಲಿ ಕ್ರೈಸ್ತರೊಳಗೆ ದೊಡ್ಡ ವ್ಯಾಜ್ಯವೇ ನಡೆದಿತ್ತು. 1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸ್ಯುಟ್ ಸಂನ್ಯಾಸಿ ರಾಬರ್ಟ್ ದೆ ನೊಬಿಲಿ, ಬ್ರಾಹ್ಮಣನು ಕ್ರೈಸ್ತನಾಗಲು ಜನಿವಾರ, ಶಿಖೆಗಳನ್ನು ಬಿಡಬೇಕಾಗಿಲ್ಲ, ಅವು ಕುಲದ ಗುರುತೇ ಹೊರತು ದೇವರ ಗುರುತಲ್ಲ ಎಂದು ವಾದಿಸಿದನು. 1623ರಲ್ಲಿ ಪೋಪರು ಅದಕ್ಕೆ ಒಪ್ಪಿಗೆಯಿತ್ತರು. ನಮ್ಮ ಮೈಸೂರು ಸೀಮೆಯಲ್ಲಿ 1649ರ ಸುಮಾರಿಗೆ ಕೆಲಸ ಆರಂಭಿಸಿದ ಲಿಯೊನಾರ್ಡೊ ಚಿನ್ನಮಿಯೂ ಕಾವಿ ತೊಟ್ಟ ಸಂನ್ಯಾಸಿಯಾಗಿಯೇ ತಿರುಗಿದನು. 1744ರಲ್ಲಿ ರೋಮಿನಿಂದಲೇ ಇಂಥ ಆಚಾರಗಳಲ್ಲಿ ಹಲವಕ್ಕೆ ನಿಷೇಧ ಬಂದಿತು. ದಾರ ಉಳಿಸಿಕೊಂಡರೆ ಅದರೊಡನೆ ದಾರವಿಲ್ಲದವನನ್ನು ದೂರವಿಡುವ ಮನಸ್ಸೂ ಉಳಿಯುವುದಲ್ಲವೆ ಎಂಬುದು ಎದುರುಪಕ್ಷದವರ ವಾದಗಳಲ್ಲೊಂದು. ನೊಬಿಲಿಯ ಪಾಂಡಿತ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಈ ಒಂದು ಅಂಶದಲ್ಲಿ ಬಾಗೇವಾಡಿಯ ಹುಡುಗನಿಗೆ ಹೆಚ್ಚು ತಿಳಿದಿತ್ತೆಂದು ಹೇಳದೆ ಇರಲಾರೆ.

ಇನ್ನು ನಮ್ಮ ಉತ್ತರ ಕರ್ನಾಟಕದ ಚರಿತ್ರೆಗೆ ಬರೋಣ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಆಮೇಲೆ ಹುಬ್ಬಳ್ಳಿ, ಬೆಟಗೇರಿ, ನೇಕಾರರ ಊರಾದ ಗುಳೇದಗುಡ್ಡ, ಮುಂದೆ ವಿಜಾಪುರ. 1840ರ ಸುಮಾರಿನಲ್ಲಿ ಅವರಿಗೆ ಒಂದು ಆಶ್ಚರ್ಯ ಕಾದಿತ್ತು. ತಾವು ಊರೂರು ಅಲೆದು ಬೋಧಿಸಿದರೂ ತಿರುಗಿ ನೋಡದ ಜನರ ನಡುವಿನಿಂದ ಒಂದು ಪಂಥದವರು ತಾವಾಗಿಯೇ ಹುಡುಕಿಕೊಂಡು ಬಂದರು. ಅವರು ಕಾಲಜ್ಞಾನದವರು. ಲಿಂಗಾಯತರೊಳಗಿನ ಈ ಪಂಥದವರಲ್ಲಿ, ಮುಂದೊಂದು ಕಾಲಕ್ಕೆ ಪಡುವಣದಿಂದ ಪರದೇಶದ ಗುರುಗಳು ಬಂದು ಜಾತಿಯನ್ನೂ ವಿಗ್ರಹವನ್ನೂ ಅಳಿಸಿ ಸತ್ಯವನ್ನು ಸಾರುವರೆಂಬ ನಂಬಿಗೆ ಪರಂಪರೆಯಿಂದ ಬಂದಿತ್ತು. ಕಾಲಜ್ಞಾನವೆಂಬುದು ನಮ್ಮ ಕಡೆಗೆ ಹೊಸದಲ್ಲ. ಮುದ್ದೇಬಿಹಾಳದ ಮೂಡಲಿಗೆ, ಸುರಪುರ ಸೀಮೆಯ ಕೊಡೇಕಲ್ಲಿನಲ್ಲಿ, ಕಾಲಜ್ಞಾನ ನುಡಿದ ಕೊಡೇಕಲ್ಲ ಬಸವಣ್ಣನ ಗದ್ದುಗೆಯಿದೆ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಸ್ಥಳವದು. ಬರಲಿರುವುದರ ಮಾತು ಆ ನೆಲದ ಗಾಳಿಯಲ್ಲಿಯೇ ಇತ್ತು.

ಮಿಷನರಿಗಳ ಸಂತೋಷವನ್ನು ಕೇಳಬೇಕೆ! ಸಾವಿರಾರು ಜನ ಬರುವರೆಂದು ಎಣಿಸಿದರು. ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ನೆಲ ಪಡೆದು, ಇವರಿಗಾಗಿಯೇ ಒಂದು ಕ್ರೈಸ್ತ ಒಕ್ಕಲು ಊರನ್ನು ಕಟ್ಟಲು ಹೊರಟರು. ಆದರೆ ಬಂದವರು ಬೆರಳೆಣಿಕೆಯವರು. ಏಕೆ? ಮಿಷನರಿಗಳು ‘ನಿಮ್ಮ ಹಳೆಯದನ್ನು ಬಿಟ್ಟು ಬನ್ನಿ’ ಎನ್ನುತ್ತಿದ್ದರು. ಕಾಲಜ್ಞಾನದವರು ‘ನಮ್ಮ ಹಳೆಯ ಮಾತು ನಿಮ್ಮಲ್ಲಿ ಫಲಿಸಿದೆಯೋ ನೋಡಲು ಬಂದಿದ್ದೇವೆ’ ಎನ್ನುತ್ತಿದ್ದರು. ಒಂದೇ ಬಾಗಿಲಲ್ಲಿ ನಿಂತು ಒಬ್ಬರು ಒಳಗಿನಿಂದಲೂ ಇನ್ನೊಬ್ಬರು ಹೊರಗಿನಿಂದಲೂ ತಳ್ಳಿದಂತಾಯಿತು. ಅವರು ಹಳೆಯ ಮನಸ್ಸಿನ ಬಲದಿಂದಲೇ ಹೊಸದರ ಹೊಸ್ತಿಲವರೆಗೆ ಬಂದವರು. ಆ ಮನಸ್ಸನ್ನೇ ಹೊಸ್ತಿಲಲ್ಲಿ ಕಳಚಿಡಿ ಎಂದರೆ ಮುಂದಿನ ಹೆಜ್ಜೆಗೆ ಬಲ ಎಲ್ಲಿಂದ ಬರಬೇಕು? ಮಿಷನರಿಗಳನ್ನು ಸುಮ್ಮನೆ ದೂರಲೂ ಆಗದು. ಜಾತಿಯನ್ನು ಸಭೆಯ ಒಳಗೆ ಬಿಟ್ಟುಕೊಳ್ಳಲಾರೆವೆಂಬ ಅವರ ಹಟ ನ್ಯಾಯವಾದದ್ದೇ. ಆದರೆ ಜಾತಿಯೊಡನೆ ತತ್ತ್ವಪದವನ್ನೂ, ಗುರುವಿನ ಗದ್ದುಗೆಯನ್ನೂ ಒಂದೇ ಮೂಟೆಗೆ ಕಟ್ಟಿ ಹೊರಗೆ ಹಾಕಬೇಕಾಗಿತ್ತೆ?

ಅವರ ನಡುವೆಯೇ ಈ ಪ್ರಶ್ನೆ ಕೆಲವರನ್ನು ಕಾಡಿರಬೇಕು. ಮೋಗ್ಲಿಂಗನು ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದನು. ಕಿಟ್ಟೆಲ್ ಪಂಡಿತನು 1894ರ ಮಹಾನಿಘಂಟಿಗೆ ಬಹಳ ಹಿಂದೆಯೇ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹೆಣೆದನು. ಬುದ್ದಲಿಯನ್ನು ಬಿಸಾಡದೆ ಎಣ್ಣೆ ಸವರಿ ಮೆದುಮಾಡಿ ನೋಡಿದವರು ಇವರು.

ಆ ಕೆಲಸವನ್ನು ಪೂರ್ತಿಯಾಗಿ ಕೈಗೆತ್ತಿಕೊಂಡವರು ನಮ್ಮವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ ದುಡಿದು, 1962ರಲ್ಲಿ ತೀರಿಕೊಂಡರು. ಹಳ್ಳಿಹಳ್ಳಿ ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದ ಮಹನೀಯರು ಇವರೇ ಎಂದರೆ ಕೇಳುಗರಿಗೆ ಗುರುತು ಹತ್ತೀತು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠ ಇವರದಾಗಿತ್ತು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬುದು ಇವರ ಒಂದು ಪುಸ್ತಕ. ಹೆಸರನ್ನು ಗಮನಿಸಿರಿ: ಆಜ್ಞೆಯಲ್ಲ, ಎಚ್ಚರಿಕೆಯಲ್ಲ, ವಿನಂತಿ! ಕ್ರಿಸ್ತನನ್ನು ಒಪ್ಪುವುದಕ್ಕಾಗಿ ಭಾರತೀಯನು ತನ್ನ ಹಿರಿಯರ ಅನುಭಾವಕ್ಕೆ ಬೆನ್ನುಮಾಡಬೇಕಾಗಿಲ್ಲ ಎಂಬುದು ಅವರ ಬಾಳಿನ ನಿಲುವು. ಶಿವಶರಣರ ಅನುಭವ ಮಂಟಪ ನಿಜವಾಗಿ ಇತ್ತೆ, ಕವಿಕಲ್ಪನೆಯೆ ಎಂದು ವಿದ್ವಾಂಸರು ಸಂದೇಹ ತೆಗೆದಾಗ, ಅದರ ಐತಿಹಾಸಿಕತೆಯನ್ನು ಎತ್ತಿಹಿಡಿದು ಗ್ರಂಥ ಬರೆದವರು ಈ ಕ್ರೈಸ್ತ ಪಾದ್ರಿ. ಬಾಗೇವಾಡಿಯ ಮಗನ ಪರವಾಗಿ ಬೆತ್ಲೆಹೇಮಿನ ಭಕ್ತನ ಸಾಕ್ಷಿ! ಇದಕ್ಕಿಂತ ಚೆಲುವಾದ ದೃಶ್ಯ ನಮ್ಮ ಸಾಹಿತ್ಯಚರಿತ್ರೆಯಲ್ಲಿ ನನಗೆ ಕಂಡಿಲ್ಲ. ಉತ್ತಂಗಿಯವರನ್ನು ಕುರಿತು ಎರಡೂ ಕಡೆಯವರಿಗೆ ಒಂದಿಷ್ಟು ಮುಜುಗರವಿತ್ತು. ಕ್ರೈಸ್ತರಲ್ಲಿ ಕೆಲವರಿಗೆ ಅವರು ಸಾಕಷ್ಟು ಬಿಟ್ಟಿಲ್ಲವೆಂದು. ನಮ್ಮವರಲ್ಲಿ ಕೆಲವರಿಗೆ, ಇಷ್ಟೆಲ್ಲ ತಿಳಿದವರು ಮರಳಿ ಏಕೆ ಬರಬಾರದೆಂದು.

ಮತ ಬದಲಾಗದೆ ಮನಸ್ಸು ಬದಲಾದ ಕಥೆಯೂ ನಮ್ಮ ಕಡೆಗುಂಟು. ಅಂದಿನ ಇಂಡಿ ತಾಲೂಕಿನ, ಭೀಮಾ ತೀರದ ಹಲಸಂಗಿಯಲ್ಲಿ ಬಾಳಿದ ಮಧುರಚೆನ್ನರು (1903–1953) ತಮ್ಮ ಆತ್ಮವೃತ್ತಕ್ಕೆ ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಹೆಸರುಗಳನ್ನಿಟ್ಟಿದ್ದಾರೆ. ಮನೆಯಿಂದ ಬಂದ ನಂಬಿಗೆ, ಅದು ಕುಸಿದಾಗಿನ ಕತ್ತಲೆ, ಆಮೇಲಿನ ಬೆಳಕು ಎಂಬ ಕ್ರಮ ಅದು. ಅವರು ಅರವಿಂದರ ಕಡೆಗೆ ತಿರುಗಿದರೇ ಹೊರತು ಸರಕಾರದ ಕಾಗದದ ಯಾವ ಕಲಮೂ ಬದಲಾಗಲಿಲ್ಲ. ಆದರೂ ಮೆತನೋಯಾ ಎಂದರೇನೆಂದು ಕನ್ನಡದಲ್ಲಿ ತಿಳಿಯಬೇಕೆನ್ನುವವರಿಗೆ ನಾನು ಮೊದಲು ತೋರಿಸುವುದು ಮಧುರಚೆನ್ನರ ಈ ಬರಹಗಳನ್ನೇ. ಹಳೆಯ ಮನಸ್ಸು ಕಳಚುವುದೆಂದರೆ ಅಂಗಿ ಕಳಚಿದಂತಲ್ಲ, ನಡುವೆ ಒಂದು ರಾತ್ರಿ ಇದೆ, ಅದನ್ನು ತಪ್ಪಿಸಿಕೊಂಡು ಬೆಳಗಿಗೆ ದಾರಿಯಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಗಿದೆ.

ಆದರೆ ಇವರೆಲ್ಲ ಓದುಬರಹ ಬಲ್ಲವರು, ತಮ್ಮೊಳಗಿನದನ್ನು ಹೇಳಬಲ್ಲವರು. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಸಣ್ಣ ಸಂಖ್ಯೆಯ ಕ್ರೈಸ್ತರಲ್ಲಿ ಅನೇಕರ ಹಿರಿಯರು ಊರ ಹೊರಗಿನ ಕೇರಿಯಿಂದ ಬಂದವರು. 1876–78ರ ಬರಗಾಲದಲ್ಲಿ, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರದೇಶದ ಐದರಲ್ಲೊಂದು ಪಾಲಿನಷ್ಟು ಜನ ಇಲ್ಲವಾದರು. ಮಿಷನ್ನುಗಳು ತೆರೆದ ಅನಾಥಾಲಯಗಳಲ್ಲಿ ಎಷ್ಟೋ ಕೂಸುಗಳು ಬೆಳೆದವು. ‘ಜೋಳಕ್ಕಾಗಿ ಕ್ರಿಸ್ತಾನರಾದರು’ ಎಂಬ ಮೂದಲೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಜೋಳ ಕೊಡದೆ ಇದ್ದವರು ಯಾರೆಂದು ಆ ಮೂದಲಿಸುವವರು ಹೇಳಿದ್ದನ್ನು ಮಾತ್ರ ಕೇಳಿಲ್ಲ.

ಈ ಜನರ ಹಳೆಯ ಮನಸ್ಸೆಂದರೆ ಯಾವುದು? ಅದು ಸಿದ್ಧಾಂತವಲ್ಲ, ಪುರಾಣವಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅಗಸೆ ದಾಟುವ ಮನಸ್ಸು. ಎದುರಿಗೆ ಬಂದ ಮಗುವಿಗೂ ‘ಧಣೇರ’ ಎನ್ನುವ ಮನಸ್ಸು. ಅದನ್ನು ಬಿಡುವುದೆಂದರೆ ಏನೆಂದು ನನಗೆ ಕಲಿಸಿದವಳು ನಮ್ಮೂರ ಒಬ್ಬ ಮುದುಕಿ.

ನಾನು ಆಗ ಹತ್ತು ವರ್ಷದವನು, 1962ರ ಸುಮಾರು. ಅವಳ ಮಗ ಬೋರ್ಡಿಂಗಿನಲ್ಲಿ ಓದಿ ಬಂದವನು, ದೀಕ್ಷಾಸ್ನಾನ ಹೊಂದಿದನು, ತಾಯಿಯನ್ನೂ ಒಪ್ಪಿಸಿದನು. ಅದಾದಮೇಲೆ ಆ ಮನೆಯವರು ಎರಡು ಕೆಲಸ ಬಿಟ್ಟರು. ಜಾತ್ರೆಯಲ್ಲಿ ಹಲಗೆ ಬಾರಿಸಲು ಬರುವುದಿಲ್ಲವೆಂದರು. ಸತ್ತ ದನ ಎಳೆಯುವುದಿಲ್ಲವೆಂದರು. ಯಾವ ದೇವರನ್ನು ಪೂಜಿಸುತ್ತೀರೆಂದು ಊರು ಅವರನ್ನು ಕೇಳಲಿಲ್ಲ. ಹಲಗೆ ಏಕೆ ಬಾರಿಸುವುದಿಲ್ಲವೆಂದು ಕೇಳಿತು. ರಾಶಿಯ ಕಾಲಕ್ಕೆ ಕಣದಲ್ಲಿ ಅವರಿಗೆ ಸಲ್ಲುತ್ತಿದ್ದ ಆಯ ನಿಂತಿತು. ತಲೆತಲಾಂತರದಿಂದ ಬಂದ ಆ ಜೋಳದ ಪಾಲು ಬಿಟ್ಟರೆ ಅವರಿಗೆ ಬೇರೆ ಹೊಲವಿರಲಿಲ್ಲ. ಹೊಸ ನಂಬಿಗೆಗೆ ಹೋದವನ ಆಸ್ತಿಹಕ್ಕು ಹೋಗದಂತೆ 1850ರಷ್ಟು ಹಿಂದೆಯೇ ಸರಕಾರ ಕಾನೂನು ಮಾಡಿತ್ತು. ಆಸ್ತಿಯೇ ಇಲ್ಲದವರಿಗೆ ಅದರಿಂದೇನು? ಸ್ವಾತಂತ್ರ್ಯದ ನಂತರ, 1950ರ ರಾಷ್ಟ್ರಪತಿಗಳ ಆಜ್ಞೆಯ ಮೇರೆಗೆ, ಕ್ರೈಸ್ತನಾದವನು ಪರಿಶಿಷ್ಟ ಜಾತಿಯವನೆನಿಸುವುದಿಲ್ಲ. ಜಾತಿ ಬಿಟ್ಟಿತೆಂದು ಕಾಗದ ಹೇಳುತ್ತಿತ್ತು. ಬಿಟ್ಟಿಲ್ಲವೆಂದು ಬಾವಿಕಟ್ಟೆ ಹೇಳುತ್ತಿತ್ತು. ಇವೆರಡರ ನಡುವೆ ಆ ಮನೆ ನಿಂತಿತ್ತು.

ಮುದುಕಿಯ ಹಳೆಯ ಮನಸ್ಸು ಮಗನದಷ್ಟು ಬೇಗ ಬಿಡಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣೆತ್ತು ಮಾಡಿ ಗೋಡೆಯ ಗೂಡಿನಲ್ಲಿ ಮರೆಮಾಡಿ ಇಡುವಳು. ಕ್ರಿಸ್ಮಸ್ಸಿಗೆ ಶೇಂಗಾ ಹೋಳಿಗೆ ಮಾಡುವಳು. ಇವನ್ನು ಅವಳ ಮಗ ನಗುತ್ತ ಸಹಿಸಿಕೊಂಡನು, ಪಾದ್ರಿಗಳೂ ಕಂಡೂ ಕಾಣದಂತಿದ್ದರು. ಮಗನಿಗೆ ಸಹಿಸದ್ದೆಂದರೆ ‘ಧಣೇರ’ ಎಂಬ ಮಾತು. ನಾನು ಶಾಲೆಗೆ ಹೋಗುವಾಗ ಅವಳು ಎದ್ದು ನಿಂತು ಗೋಡೆಗೆ ಸರಿದು, ‘ಸಾಲಿಗಿ ಹೊಂಟ್ರೇನ್ರಿ ಧಣೇರ?’ ಎನ್ನುವಳು. ಮಗ ಒಳಗಿನಿಂದ, ‘ಯವ್ವಾ, ಅಂವ ಸಣ್ಣ ಹುಡುಗ ಬೇ!’ ಎಂದು ರೇಗುವನು. ಒಂದು ದಿನ ಅವಳು ನನ್ನನ್ನು ನೋಡಿ ನಕ್ಕು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: ‘ಏನ್ ಮಾಡ್ಲ್ರೀ, ನೀರು ತಲಿ ಮ್ಯಾಲ ಬಿದ್ದೈತಿ, ನಾಲಿಗಿಗೆ ಇನ್ನೂ ಮುಟ್ಟಿಲ್ಲ.’

ಮಾನಸಾಂತರದ ಮೇಲೆ ಬಂದಿರುವ ದೊಡ್ಡ ಗ್ರಂಥಗಳಲ್ಲಿ ನಾನು ಓದಿದಷ್ಟರಲ್ಲಿ ಇದಕ್ಕೆ ಸಮನಾದ ವಾಕ್ಯ ಸಿಕ್ಕಿಲ್ಲ.

ಮುಂದೆ ನಾನು ಓದಿಗಾಗಿ ವಿಜಾಪುರಕ್ಕೆ, ಅಲ್ಲಿಂದ ಧಾರವಾಡಕ್ಕೆ ಹೋದೆ. ವಚನಗಳನ್ನು ಓದಿದೆ, ಉತ್ತಂಗಿಯವರನ್ನು ಓದಿದೆ, ಜಾತಿಯಿಲ್ಲವೆಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದೆ. ಹೊಸ ಮನಸ್ಸಿನವನೆಂದು ನನ್ನನ್ನು ನಾನೇ ತಿಳಿದಿದ್ದೆ. ಹದಿನಾಲ್ಕು ಹದಿನೈದು ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ಊರಿಗೆ ಹೋದಾಗ ಆ ಮನೆಯ ಮುಂದೆ ಹಾಯ್ದೆ. ಮುದುಕಿಗೆ ಕಣ್ಣು ಮಂದವಾಗಿತ್ತು. ಗೋಡೆಗೆ ಹಾಕಿದ ಕಂಬಳಿಯ ಮೇಲೆ ಕುಳಿತಿದ್ದಳು; ಎದ್ದು ನಿಲ್ಲಲಿಲ್ಲ. ದನಿಯಿಂದ ಗುರುತು ಹಿಡಿದು, ‘ಯಾರು, ಮಾಸ್ತರ ಮಗಾ ಏನೋ? ಬಾ ತಮ್ಮಾ, ಕೂಡು’ ಎಂದಳು.

ತಮ್ಮಾ ಎಂದಳು. ಕೂಡು ಎಂದಳು. ಆ ಎರಡು ಮಾತಿನ ಹಿಂದೆ ಇಷ್ಟು ವರ್ಷಗಳ ದುಡಿಮೆಯಿತ್ತೆಂದು ನನಗೆ ಗೊತ್ತಿತ್ತು. ಕುಳಿತೆ. ಸೊಸೆ ಚಹಾ ತಂದಿಟ್ಟಳು, ಕಿವಿ ಮುರಿದ ಬಿಳಿಯ ಕಪ್ಪಿನಲ್ಲಿ. ನಮ್ಮ ಮನೆಯ ಗೋಡೆಯ ಹೊರಗೆ, ಆಳುಗಳಿಗೆಂದು ಇಟ್ಟಿದ್ದ ಕಪ್ಪೂ ಕಿವಿ ಮುರಿದದ್ದೇ. ಅದು ನೆನಪಾಯಿತು; ಅಜ್ಜಿ ನೆನಪಾದಳು; ಬೀದಿಯಲ್ಲಿ ಯಾರಾದರೂ ನೋಡುತ್ತಿರುವರೇನೋ ಎಂದು ನಾನು ಒಮ್ಮೆ ಬಾಗಿಲ ಕಡೆಗೆ ತಿರುಗಿದೆ. ತಿರುಗಿದ್ದು ಅವಳಿಗೆ ಕಾಣಲಿಲ್ಲ, ಕಣ್ಣು ಮಂದವಲ್ಲವೆ? ಆದರೆ ಕಪ್ಪು ನೆಲದಿಂದ ಮೇಲೆದ್ದ ಸಪ್ಪಳ ಅವಳಿಗೆ ಕೇಳಿಸಿರಲಿಲ್ಲ.

‘ಆರತೈತಿ, ಕುಡಿ’ ಎಂದಳು.